ಮಾಯಣ್ಣಾಚಾರ್ರ ಬಿಳಿ ಚೀಟಿ

ಹೊಸಹೊಳಲಿನ ಅಕ್ಕಸಾಲಿ ಮಾಯಣ್ಣಾಚಾರ್ರ ಕರಿ ಕೋಟಿಗೆ ಮೂರು ಜೇಬುಗಳಿದ್ದವು. ಮೂರನ್ನೂ ಅವರು ತಮ್ಮ ಕೈಯಾರೆ ಹೊಲಿದು ಮುಚ್ಚಿಬಿಟ್ಟಿದ್ದರು. ದರ್ಜಿ ಕೋಟು ತಂದುಕೊಟ್ಟ ದಿನವೇ ಸೂಜಿ ದಾರ ಹಿಡಿದು, ಬೀದಿಯವರಿಗೆಲ್ಲ ಕಾಣುವ ಹಾಗೆ ಜಗಲಿಯ ಮೇಲೆ ಕೂತು, ಒಂದೊಂದು ಜೇಬಿಗೂ ಎರಡೆರಡು ಸುತ್ತು ಹೊಲಿಗೆ ಹಾಕಿದರಂತೆ. ಅಕ್ಕಸಾಲಿಯ ಬೆರಳುಗಳ ಬಗ್ಗೆ ಲೋಕ ಏನೇನು ಆಡಿಕೊಳ್ಳುತ್ತದೆಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಆ ಮಾತಿನ ಮೇಲೆ ಅವರು ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ, ಜೇಬು ಮುಚ್ಚಿ ಸುಮ್ಮನಾದರು. ಹಾಗಾಗಿ ನಶ್ಯದ ಡಬ್ಬಿ ಪಂಚೆಯ ಗಂಟಿನಲ್ಲಿ, ಬಸ್ಸಿನ ಟಿಕೀಟು ಬೆರಳ ಸಂದಿಯಲ್ಲಿ, ಕಾಗದ ಪತ್ರವೇನಾದರೂ ಇದ್ದರೆ ಅದು ಊರಿಗೆಲ್ಲ ಕಾಣುವಂತೆ ಅಂಗೈಯಲ್ಲಿ ಇರುತ್ತಿತ್ತು.

ಅವರ ನಡಿಗೆಯೂ ವಿಚಿತ್ರ. ನೆಲ ನೋಡುತ್ತಾ, ಸಣ್ಣ ಸಣ್ಣ ಹೆಜ್ಜೆಯಿಟ್ಟು, ಹೊಸಿಲು ದಾಟುವ ಮುಂಚೆ ಎರಡು ಅಂಗಾಲನ್ನೂ ಕೈಯಿಂದ ಒರೆಸಿ ನೋಡಿಕೊಂಡು ಹೊರಬೀಳುತ್ತಿದ್ದರು. ಪರರ ಚಿನ್ನದ ಹುಡಿ ಕಾಲಿಗಂಟಿ ಬೀದಿಪಾಲಾದೀತೆಂಬ ಭಯ. ಯಾರು ಯಾವ ಸುದ್ದಿ ಹೇಳಿದರೂ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಹೇಳಿದವನ ಮುಖವನ್ನೇ ನೆಟ್ಟು ನೋಡಿ, "ಒರೆಗಚ್ಚಿದ್ರಾ?" ಎಂದು, ಒರೆಗಲ್ಲಿಗೆ ಉಜ್ಜಿ ಪರೀಕ್ಷಿಸಿದಿರಾ ಎನ್ನುವ ಹಾಗೆ, ಕೇಳುವುದು ಅವರ ಚಾಳಿ. ಮಳೆ ಬರುತ್ತದೆಯೆಂದರೂ ಒರೆಗಚ್ಚಿದ್ರಾ, ಪಕ್ಕದ ಮನೆಯ ಎಮ್ಮೆ ಗಬ್ಬವಾಗಿದೆಯೆಂದರೂ ಒರೆಗಚ್ಚಿದ್ರಾ. ನಾನು ಮುಂಗೋಪಿ, ಒಂದೆರಡು ಸಲ ಈ ಪ್ರಶ್ನೆಗೆ ಸಿಡುಕಿ ಅವರ ಜಗಲಿಯಿಂದ ಎದ್ದು ಬಂದದ್ದೂ ಉಂಟು.

ನಾನು ಹುಟ್ಟಿದ್ದು ನಾಗಮಂಗಲದಲ್ಲಿ, ಅನ್ನ ಹುಟ್ಟಿದ್ದು ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ. ಪೌರನೀತಿ ನನ್ನ ಪಾಠ. ಸಂಸತ್ತಿನ ಎರಡು ಸದನಗಳು, ಮಸೂದೆಗೆ ಮೂರು ವಾಚನ, ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ, ಇವನ್ನೆಲ್ಲ ಹನ್ನೊಂದು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಬರೆದು ಅಳಿಸಿದವನು ನಾನು. ಅದರ ಒಂದಕ್ಷರವೂ ಯಾರದಾದರೂ ಮನೆಯೊಳಕ್ಕೆ ನಡೆದುಹೋಗಿ ಒಲೆ ಆರಿಸಬಲ್ಲದೆಂದು ನಾನು ಕನಸಿನಲ್ಲೂ ನೆನೆದಿರಲಿಲ್ಲ. ಅದು ಪರೀಕ್ಷೆಗೆ ಬರುವ ಐದು ಅಂಕದ ಪ್ರಶ್ನೆ ಎಂದೇ ತಿಳಿದಿದ್ದೆ.

ಸಾವಿರದೊಂಬೈನೂರ ಅರವತ್ತೆರಡರ ಚುನಾವಣೆಯಲ್ಲಿ ಹೊಸಹೊಳಲಿನ ಮತಗಟ್ಟೆಯಲ್ಲಿ ಚೀಟಿ ಕೊಡುವುದಕ್ಕೆ ನನ್ನನ್ನೇ ಹಾಕಿದ್ದರು. ವಿಧಾನಸಭೆಗೆ ಗುಲಾಬಿ ಬಣ್ಣದ ಚೀಟಿ, ಲೋಕಸಭೆಗೆ ಬಿಳಿಯದು. ಬಿಸಿಲಿಗೆ ಬೆಂದ ಜನ ಬಾಗಿಲಲ್ಲಿ ನೂಕಾಡುತ್ತಿದ್ದರು. ಮಾಯಣ್ಣಾಚಾರ್ರು ಎರಡೂ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು, ಎಡಗಣ್ಣು ಮುಚ್ಚಿ, "ಎಲ್ಡ್ಯಾಕೆ ಮೇಷ್ಟ್ರೇ?" ಎಂದರು. ವಿವರಿಸುವುದು ನನ್ನ ಕಸುಬೇ ಆಗಿತ್ತು, ಆದರೆ ಅಂದು ವಿವರಿಸುವ ತಾಳ್ಮೆ ನನಗಿರಲಿಲ್ಲ. "ಎರಡಕ್ಕೂ ಮುದ್ರೆ ಒತ್ತಿ ಮುಂದಕ್ಕೆ ನಡೀರಿ ಆಚಾರ್ರೇ, ಹಿಂದೆ ಜನ ಕಾಯ್ತಾ ಇದಾರೆ" ಎಂದು ಗದರಿಸಿದೆ. ಅವರು ತಲೆಯಾಡಿಸಿ ಮರೆಗೆ ಹೋದರು, ಬಂದರು, ಅಂಗಾಲು ಒರೆಸಿಕೊಂಡು ಹೊರಟರು. ಅದನ್ನು ನಾನು ಅಂದೇ ಮರೆತೆ.

ಅದೇ ವರ್ಷದ ಕೊನೆಗೆ ಉತ್ತರದ ಗಡಿಯಲ್ಲಿ ಯುದ್ಧವಾಯಿತು, ದೇಶಕ್ಕೆ ತುರ್ತು ಪರಿಸ್ಥಿತಿ ಬಂತು. ಮರು ಜನವರಿಯ ಒಂದು ದಿನ ರೇಡಿಯೋದಲ್ಲಿ ಬಂದ ಸುದ್ದಿ ಕೇಳಿ ಅಕ್ಕಸಾಲಿಗರ ಬೀದಿಗೆ ಬೀದಿಯೇ ಬಾಯಿಗೆ ಕೈಯಿಟ್ಟು ನಿಂತುಬಿಟ್ಟಿತು. ಇನ್ನು ಮುಂದೆ ಹದಿನಾಲ್ಕು ಕ್ಯಾರಟ್ಟಿಗೆ ಮೀರಿದ ಒಡವೆ ಮಾಡುವಂತಿಲ್ಲ! ಇಪ್ಪತ್ತನಾಲ್ಕು ಪಾಲಿನಲ್ಲಿ ಹದಿನಾಲ್ಕು ಪಾಲು ಮಾತ್ರ ಚಿನ್ನ, ಮಿಕ್ಕ ಹತ್ತು ಪಾಲು ತಾಮ್ರವೋ ಬೆಳ್ಳಿಯೋ ತುಂಬಬೇಕು. ತಾಳಿಗೂ ಇದೇ ಕಟ್ಟಳೆ. ಆಚಾರ್ರು ಆ ರಾತ್ರಿಯೇ ಅಗ್ಗಿಷ್ಟಿಕೆ ಹೊತ್ತಿಸಿ ತಮ್ಮದೇ ಒಂದು ಗುಲಗಂಜಿ ತೂಕದ ಚಿನ್ನಕ್ಕೆ ಸರ್ಕಾರ ಹೇಳಿದಷ್ಟೇ ತಾಮ್ರ ಬೆರೆಸಿ ಕರಗಿಸಿ ಬಡಿದು ನೋಡಿದರಂತೆ. ಮೂರನೆಯ ಪೆಟ್ಟಿಗೆ ಅಂಚು ಬಿರಿಯಿತು. ಬೆಳಿಗ್ಗೆ ಆ ಬಿರುಕು ಬಿಟ್ಟ ಕೆಂಪು ತಗಡನ್ನು ತಂದು ನನ್ನ ಮುಂದಿಟ್ಟರು.

"ನಮ್ಮಪ್ಪ ಪ್ರಾಣ ಬುಡೋವಾಗ ಒಂದೇ ಮಾತು ತಗಂಡಿದ್ದು ಮೇಷ್ಟ್ರೇ. ಓಲೆಗೆ ಬೆರ್ಸು, ಬಳೆಗೆ ಬೆರ್ಸು, ತಾಳಿಗೆ ಮಾತ್ರ ಬೆರ್ಸಬ್ಯಾಡ ಅಂದ. ಈಗ ಇದ್ನ ಎಣ್ಮಕ್ಕಳ ಕತ್ತಿಗೆ ಕಟ್ಸಾದಾ?"

ಅವರು ಸುಮ್ಮನೆ ಕೂರುವ ಪೈಕಿಯಲ್ಲ. ಸುದ್ದಿ ಅಚ್ಚಾಗಿದ್ದ ಪತ್ರಿಕೆಯ ಹಾಳೆಯನ್ನು ಮಡಿಚಿ ಅಂಗೈಯಲ್ಲಿ ಹಿಡಿದು, ಇಡಲು ಜೇಬಿಲ್ಲದೆ ದಾರಿಯುದ್ದಕ್ಕೂ ಹಿಡಿದುಕೊಂಡೇ ಬೆಂಗಳೂರಿಗೆ ಹೋದರು. ಪರಿಚಯದ ಶಾಸಕರೊಬ್ಬರನ್ನು ಕಂಡರು. ಆ ಪುಣ್ಯಾತ್ಮರು ಕೂರಿಸಿ ಕಾಫಿ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರು: ಇದು ನಮ್ಮ ಸಭೆಯಲ್ಲಿ ಆದದ್ದಲ್ಲ, ದೆಹಲಿಯದು, ನಾವು ತೆಗೆಯಲಾಗುವುದಿಲ್ಲ. ಮರುದಿನ ಬೆಳಿಗ್ಗೆ ಆಚಾರ್ರು ನನ್ನ ಮನೆಯ ಬಾಗಿಲಲ್ಲಿದ್ದರು. ಕೋಟು ಮುದುರಿ, ಕಣ್ಣು ಕೆಂಪಾಗಿ, ಬೆವರಿಗೆ ಹಾಳೆಯ ಅಕ್ಷರ ಅಂಗೈಗೆ ಅಂಟಿಕೊಂಡಿತ್ತು.

"ಎಲ್ಡು ಸರ್ಕಾರ ಅವಂತೆ! ಊರ್ಗೆಲ್ಲ ಪಾಠ ಯೋಳ್ತೀರಿ, ನಮಗ್ಯಾಕೆ ಯೋಳ್ನಿಲ್ಲ?"

ನನಗೆ ಕೆನ್ನೆಗೆ ಹೊಡೆದಂತಾಯಿತು. ಕೂರಿಸಿಕೊಂಡು, ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದುದನ್ನೆಲ್ಲ ಬಾಯಲ್ಲಿ ಬಿಡಿಸಿ ಹೇಳಿದೆ. ರಕ್ಷಣೆ, ರೈಲು, ನಾಣ್ಯ ದೆಹಲಿಗೆ. ಪೋಲೀಸು, ಭೂಮಿ, ಆಸ್ಪತ್ರೆ ನಮ್ಮ ರಾಜ್ಯಕ್ಕೆ. ಇನ್ನು ಕೆಲವು ಇಬ್ಬರಿಗೂ. ಅವರು ಎಡಗಣ್ಣು ಮುಚ್ಚಿ ಕೇಳಿ, "ಅಂಗಾದ್ರೆ ಇದು ಅಣ್ತಮ್ದೀರ ಪಾರೀಕತ್ತು" ಎಂದರು. ಆಸ್ತಿ ಪಾಲಿನ ಪತ್ರವೇ ಹೌದೆಂದೆ, ಹನ್ನೊಂದು ವರ್ಷದಲ್ಲಿ ಇಷ್ಟು ಸಲೀಸಾಗಿ ಹೇಳುವುದು ನನಗೇ ಹೊಳೆದಿರಲಿಲ್ಲ. "ಇಬ್ರಿಗೂ ಸೇರಿದ್ದು ಅಂದ್ರಲ್ಲ, ಅದು ಬಾವಿ ಇದ್ದಂಗೆ. ಬಾವಿ ತಾವ ಜಗಳ ಬಂದ್ರೆ?" ದೊಡ್ಡವನ ಮಾತೇ ನಿಲ್ಲುತ್ತದೆ ಎಂದೆ. ತುರ್ತು ಪರಿಸ್ಥಿತಿ ಬಂದರೆ ದೊಡ್ಡವನು ಚಿಕ್ಕವನ ಪಾಲಿನ ಹೊಲಕ್ಕೂ ಇಳಿಯಬಹುದು, ಈಗ ಬಂದಿದೆ ಎಂದೂ ಹೇಳಿದೆ. ಅವರು ತಮ್ಮ ಅಂಗೈ ನೋಡಿಕೊಂಡು, "ಪಾಲಾಗೋವಾಗ ನಾನು ಯಾರ ಪಾಲ್ಗೆ ಬಿದ್ದೆ, ಮೇಷ್ಟ್ರೇ?" ಎಂದು ಕೇಳಿದರು.

ಏನಾದರೂ ಸಮಾಧಾನ ಮಾಡಬೇಕಲ್ಲ ಎಂದು, "ಬೆಂಗಳೂರಿಗೊಬ್ಬರನ್ನ, ದೆಹಲಿಗೊಬ್ಬರನ್ನ ಕಳಿಸಿದ್ದೀರಿ, ದೆಹಲಿಯವರನ್ನ ಕೇಳಿ. ಅದಕ್ಕೇ ಅಲ್ಲವೇ ಬಿಳಿ ಚೀಟಿ ಕೊಟ್ಟಿದ್ದು" ಎಂದುಬಿಟ್ಟೆ. ಅವರು ಎದ್ದು ನಿಂತರು, ಮತ್ತೆ ಕೂತರು. ಆಮೇಲೆ ಅವರು ಹೇಳಿದ್ದನ್ನು ಕೇಳಿ ನಾನು ಸ್ತಂಭೀಭೂತನಾದೆ.

ಒರೆಗಲ್ಲಿನ ಮೇಲೆ ಅಕ್ಕಸಾಲಿ ಎರಡು ಗೀಟು ಎಳೆಯುತ್ತಾನೆ: ಒಂದು ಬಂದ ಚಿನ್ನದ್ದು, ಪಕ್ಕದಲ್ಲಿ ಮತ್ತೊಂದು, ಗುಣ ಗೊತ್ತಿರುವ ಚಿನ್ನದ್ದು, ತಾಳೆ ನೋಡುವುದಕ್ಕೆ. ಎರಡು ಚೀಟಿಯೆಂದರೆ ಅದೇ ಲೆಕ್ಕವೆಂದು ಅವರು ತಿಳಿದಿದ್ದರು! ಒಂದು ಓಟಿನದು, ಇನ್ನೊಂದು ಆ ಓಟಿಗೆ ತಾಳೆ ನೋಡುವ ಚೀಟಿ. ಎರಡೂ ಹೊಂದದಿದ್ದರೆ ತಮ್ಮ ಓಟು ಖೋಟಾ ಎಂದು ತೆಗೆದುಹಾಕುತ್ತಾರೆಂದು ಭಾವಿಸಿ, ಗುಲಾಬಿ ಚೀಟಿಯಲ್ಲಿ ಯೋಚಿಸಿ ಮೂರನೆಯ ಹೆಸರಿಗೆ ಒತ್ತಿದ್ದ ಮುದ್ರೆಯನ್ನೇ ಬಿಳಿ ಚೀಟಿಯಲ್ಲೂ ಅಳೆದು ನೋಡಿ ಮೂರನೆಯ ಮನೆಗೇ ಒತ್ತಿ ಬಂದಿದ್ದರು. ಅಲ್ಲಿ ಯಾರ ಹೆಸರಿತ್ತು, ಯಾವ ಗುರುತಿತ್ತು, ನೋಡಿರಲೇ ಇಲ್ಲ.

"ಒಂದು ಗುಲಗಂಜಿ ಚಿನ್ನವ ಒರೆಗಚ್ಚದೆ ಮುಟ್ದೋನಲ್ಲ ನಾನು. ಇಡೀ ದೇಸಕ್ಕೆ ಒರೆಗಚ್ಚದೆ ಮುದ್ರೆ ಒತ್ಬುಟ್ನಲ್ಲಾ!"

ಮತಗಟ್ಟೆಯಲ್ಲಿ ಅಂದು ನಾನು ಅರ್ಧ ನಿಮಿಷ ನಿಂತು ಎರಡು ಮಾತು ಹೇಳಿದ್ದರೆ ಆಗುತ್ತಿತ್ತು. ನನ್ನ ತಪ್ಪನ್ನು ಮುಚ್ಚಿಕೊಳ್ಳಲು ವಕೀಲನಂತೆ ವಾದಿಸತೊಡಗಿದೆ. ನೀವು ಒತ್ತಿದವನು ಗೆದ್ದನೋ ಸೋತನೋ ಯಾರಿಗೆ ಗೊತ್ತು ಎಂದೆ. ಗೆದ್ದರೂ ಸೋತರೂ ಆಟಕ್ಕೆ ಕೂತವನು ನಾನೇ ಎಂದರು. ಈ ಕಟ್ಟಳೆಯನ್ನು ಸಂಸತ್ತು ಚರ್ಚಿಸಿ ಮಾಡಿದ್ದಲ್ಲ ಆಚಾರ್ರೇ, ಮಂತ್ರಿಗಳ ಕಚೇರಿಯಿಂದ ನಿಯಮವಾಗಿ ಹೊರಟದ್ದು ಎಂದೆ.

"ನೇಮ ಮಾಡು ಅಂತ ಅವ್ರಿಗೆ ಅಧಿಕಾರ ಕೊಟ್ಟೋರ್ಯಾರು?"

"ಸಂಸತ್ತೇ ಕೊಟ್ಟಿದ್ದು. ಯುದ್ಧ ಕಾಲದ ಒಂದು ಕಾನೂನು ಮಾಡಿ ಕೊಟ್ಟಿದೆ."

"ಆ ಸಂಸತ್ತಿಗೆ ಕೊಟ್ಟೋರ್ಯಾರು?"

ಪಠ್ಯಪುಸ್ತಕದಲ್ಲಿರುವ ಉತ್ತರ ಒಂದೇ: ಪ್ರಜೆಗಳು. ಪ್ರಜೆ ನನ್ನೆದುರಿಗೆ ಜೇಬಿಲ್ಲದ ಕೋಟು ಹಾಕಿಕೊಂಡು ಕೂತಿದ್ದ.

ಅವರ ಕುಲದ ನ್ಯಾಯಕ್ಕೆ ಬಂದು ಕೂರುವ ವಾದಿ ಪ್ರತಿವಾದಿಗಳಿಗೆ ಮೊದಲು ವೀಳ್ಯ ಕೊಡುವ ಪದ್ಧತಿಯುಂಟು. ವೀಳ್ಯ ಹಿಡಿದವನು ತೀರ್ಪು ತನಗೆ ವಿರುದ್ಧವಾದರೂ ತಲೆಬಾಗಬೇಕು, ಒಪ್ಪದವನು ಹಿಡಿಯಲೇಬಾರದು. "ಆ ಚೀಟೀನೇ ವೀಳ್ಯ. ನಾನು ನಿಮ್ಮ ಕೈಯಿಂದ್ಲೇ ಇಡ್ದೆ, ಮೇಷ್ಟ್ರೇ" ಎಂದು ಹೇಳಿ ಆಚಾರ್ರು ಎದ್ದರು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ.

ಇದೆಲ್ಲ ಎರಡು ದಿನದ ಸಂಕಟ, ಕೊನೆಗೆ ಎಲ್ಲರಂತೆ ಇವರೂ ಒಳಮನೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಾರೆಂದೇ ನಾನು ನಂಬಿದ್ದೆ. ಪೇಟೆಯಲ್ಲಿ ಆಗಲೇ ಒಬ್ಬ ಆಚಾರಿ ಹಾಗೆ ಶುರುಮಾಡಿಯೂ ಆಗಿತ್ತು. ಮಾಘಮಾಸ ಬಂತು. ಸಿಂಧಘಟ್ಟದ ಮಂಚಮ್ಮ ಮಗಳ ತಾಳಿಗೆಂದು ಮೊದಲೇ ಗೊತ್ತುಮಾಡಿದ್ದ ದಿನ ಅರಿಸಿನ ಕುಂಕುಮ, ಎಲೆ ಅಡಿಕೆ, ಸೆರಗಿನ ತುದಿಗೆ ಗಂಟು ಹಾಕಿದ ಚಿನ್ನ ಸಮೇತ ಬಂದು ಅಗ್ಗಿಷ್ಟಿಕೆಯ ಮುಂದೆ ಕೂತಳು. ಕಾನೂನಿನ ಸಮಾಚಾರ ಅವಳ ಕಿವಿಗೆ ಬಿದ್ದಿರಲಿಲ್ಲ. ಆಚಾರ್ರು ಹೇಳಿದರು. ಅವಳು ನಂಬಲಿಲ್ಲ, ನಕ್ಕಳು, ಆಮೇಲೆ ಕಣ್ಣು ತುಂಬಿಕೊಂಡಳು.

"ನನ್ ತಾಳಿ ನಿಮ್ಮಪ್ಪಾರು ಮಾಡ್ಕೊಟ್ಟಿದ್ದು ಕಣಪ್ಪಾ. ಬಾಗ್ಲಾಕ್ಕೊಂಡು ಮಾಡ್ಕೊಡು, ದಿಲ್ಲಿಯೋರು ಬಂದು ನನ್ ಮಗಳ ಕತ್ತು ನೋಡಾರಾ?"

"ಅವ್ರು ನೋಡಾಕಿಲ್ಲ ತಾಯಿ. ನಾನು ಒಪ್ಪಿವ್ನಿ."

"ನೀನ್ಯಾವಾಗ ಒಪ್ದೆ? ನಿನ್ನೇನು ಕೇಳಿದ್ರಾ ಅವ್ರು?"

"ಕೇಳಿದ್ರು. ನಾನೇ ಸರ್ಯಾಗಿ ನೋಡ್ನಿಲ್ಲ."

ಒಳಗಿನಿಂದ ಅವರ ಹೆಂಡತಿ ಲಕ್ಷ್ಮಿದೇವಮ್ಮ, "ಎಂಥಾ ಗಂಡಸ್ನ ಕಟ್ಕೊಂಡ್ನಪ್ಪಾ! ಊರ್ಗಿಲ್ದಿದ್ ಕಾನೂನು ನಮ್ಮನೇಗೇ ಯಾಕೆ?" ಎಂದು ಅಡಿಗೆಮನೆಯ ಪಾತ್ರೆಗಳನ್ನೆಲ್ಲ ಸದ್ದು ಮಾಡಿದರು. ಅಲ್ಲೇ ಕೂತಿದ್ದ ನಾನೂ ಲಕ್ಷ್ಮಿದೇವಮ್ಮನವರ ಪಕ್ಷವೇ. ಪೌರನೀತಿಯ ಮೇಷ್ಟ್ರು ನಾನು, ನಾಚಿಕೆಯಿಲ್ಲದೆ ಹೇಳಿದೆ: ಮಾಡಿಕೊಟ್ಟುಬಿಡಿ ಆಚಾರ್ರೇ, ಯಾರೂ ಏನೂ ಕೇಳುವುದಿಲ್ಲ. ಅವರು ಎಡಗಣ್ಣು ಮುಚ್ಚದೆ, ಎರಡೂ ಕಣ್ಣಿನಿಂದ ನನ್ನನ್ನು ನೋಡಿದರು. ಆ ನೋಟಕ್ಕೆ ನಾನು ಇಂದಿಗೂ ತಲೆ ಎತ್ತಲಾರೆ. ಮಂಚಮ್ಮ ಚಿನ್ನವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಪೇಟೆಯ ಆ ಇನ್ನೊಬ್ಬ ಆಚಾರಿಯ ಮನೆಗೆ ಹೋದಳು.

ಅಪ್ಪನಿಗೆ ಕೊಟ್ಟ ಮಾತಿನಿಂದ ಬೆರಕೆ ತಾಳಿ ಮಾಡುವಂತಿಲ್ಲ, ದೇಶಕ್ಕೆ ಕೊಟ್ಟ ಮುದ್ರೆಯಿಂದ ಅಪ್ಪಟ ತಾಳಿ ಮಾಡುವಂತಿಲ್ಲ. ಎರಡರ ಮಧ್ಯೆ ಸಿಕ್ಕಿದ ಮನುಷ್ಯ ಐವತ್ತರ ವಯಸ್ಸಿನಲ್ಲಿ ಅಗ್ಗಿಷ್ಟಿಕೆ ಮಗುಚಿಟ್ಟು ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕೂಲಿಗೆ ಸೇರಿದರು. ಗಾಡಿಯಿಂದ ಕಬ್ಬಿನ ಕಟ್ಟು ಎಳೆದು ಇಳಿಸುವ ಕೆಲಸ. ಅಲ್ಲಿ ಒಮ್ಮೆ ಅವರನ್ನು ನೋಡಲು ಹೋಗಿ, ಕಬ್ಬಿನ ಒಣ ರವದಿಯ ಧೂಳಿನಲ್ಲಿ ಕೆಮ್ಮುತ್ತಾ, ಬೆರಳಿಗೆಲ್ಲ ಚಿಂದಿ ಸುತ್ತಿಕೊಂಡು ಕಟ್ಟಿಗೆ ಹೆಗಲು ಕೊಟ್ಟಿದ್ದ ಆಕೃತಿ ಕಂಡು ಮಾತಾಡಿಸದೆ ಹಿಂದಿರುಗಿಬಿಟ್ಟೆ. ಆ ವರ್ಷವೇ ಹಳೆಯ ಒಡವೆ ಮುರಿದು ಮಾಡಲು ಅಷ್ಟಿಷ್ಟು ಸಡಿಲಿಕೆ ಬಂತು. ಅದಕ್ಕೊಂದು ಅರ್ಜಿ, ಒಂದು ಸರ್ಟಿಫಿಕೇಟು. ಅರ್ಜಿಯ ನಮೂನೆ ನಾನೇ ತಂದುಕೊಟ್ಟೆ. "ಅರ್ಧ ತೆಗೆದ ಬಾಗ್ಲಲ್ಲಿ ಬಗ್ಗಿ ಒಳೀಕೋಗಾಕೆ ನನ್ ಕೈಲಾಗಾಕಿಲ್ಲ. ಪೂರಾ ತೆಗೀಲಿ, ಬತ್ತೀನಿ" ಎಂದರು. ಸ್ವಾಭಿಮಾನವೋ ಹುಂಬತನವೋ, ನನಗೆ ಮೈಯೆಲ್ಲ ಉರಿದುಹೋಯಿತು.

ಪೂರಾ ತೆಗೆಯಲು ನಾಲ್ಕು ವರ್ಷ ಹಿಡಿಯಿತು. ಸಾವಿರದೊಂಬೈನೂರ ಅರವತ್ತಾರರ ನವೆಂಬರಿನಲ್ಲಿ ಹದಿನಾಲ್ಕು ಕ್ಯಾರಟ್ಟಿನ ಕಟ್ಟಳೆ ಹೋಯಿತೆಂಬ ಸುದ್ದಿ ಓದಿ, ಊಟದೆಲೆ ಬಿಟ್ಟೆದ್ದು ಸೈಕಲ್ ತುಳಿದುಕೊಂಡು ಹೊಸಹೊಳಲಿಗೆ ಓಡಿದೆ. ಲಕ್ಷ್ಮಿದೇವಮ್ಮ ಅಳುತ್ತಲೇ ಇದ್ದಿಲು ತಂದು ಸುರಿದರು. ಕಾರ್ಖಾನೆ ಬಿಟ್ಟು ಬಂದ ಆಚಾರ್ರು ಸ್ನಾನ ಮಾಡಿ, ಕುಲದೇವಿಗೆ ಕೈಮುಗಿದು, ಮೊದಲು ತಾಮ್ರದ ತಂತಿಯಲ್ಲಿ ಕೈ ಪಳಗಿಸಲು ಕೂತರು. ಒಂದು ವಾರ ಕೂತರು. ತಂತಿ ಎಳೆದರೆ ತುಂಡಾಗುತ್ತಿತ್ತು. ಗಂಟುಗಟ್ಟಿದ ಬೆರಳುಗಳಿಗೆ ಚಿಮಟ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಎಂಟನೆಯ ದಿನ ಅದೇ ಬೀದಿಯ ಸೋಮಮ್ಮ ಮಗಳ ತಾಳಿಗೆ ಚಿನ್ನ ತಂದಳು. ಅವರು ಊದುಗೊಳವೆ ಬಾಯಿಗಿಟ್ಟು ಬೆಸುಗೆಗೆ ಉರಿ ಹಿಡಿದರು. ಅರ್ಧಕ್ಕೇ ಕೆಮ್ಮು ಬಂತು. ಉರಿ ಅತ್ತಿತ್ತ ಹೊರಳಿ, ತಾಳಿಗೆ ಬೆಸೆಯಬೇಕಿದ್ದ ಸಾಸುವೆಯಷ್ಟು ಗುಂಡೊಂದು ನಮ್ಮೆಲ್ಲರ ಕಣ್ಣೆದುರಿಗೆ ಕರಗಿ ಆಕಾರವಿಲ್ಲದ ಹನಿಯಾಯಿತು. ಜನ್ಮದಲ್ಲಿ ಆ ಮನುಷ್ಯ ಪರರ ಚಿನ್ನ ಕೆಡಿಸಿದ್ದು ಅದೊಂದೇ ಸಲ.

ಅವರು ಊದುಗೊಳವೆ ಕೆಳಗಿಟ್ಟರು. ಚಿನ್ನವನ್ನು ಪೂರ್ತಿ ತೂಗಿ, ಸೋಮಮ್ಮನ ಕೈಗೆ ಕೊಟ್ಟು, "ನಡಿಯವ್ವ, ನಾನೂ ಬತ್ತೀನಿ" ಎಂದು ಅವಳ ಜೊತೆಗೂಡಿ ಪೇಟೆಗೆ ನಡೆದರು. ಬೇಡವೆಂದರೂ ಕೇಳದೆ ನಾನೂ ಹೋದೆ. ಎಲ್ಲಿಗೆಂದುಕೊಂಡಿರಿ? ನಾಲ್ಕು ವರ್ಷ ಬಾಗಿಲು ಹಾಕಿಕೊಂಡು ಕೆಲಸ ನಡೆಸಿದ್ದ ಆ ಇನ್ನೊಬ್ಬ ಆಚಾರಿಯ ಮನೆಗೆ! ಅವನು ಇವರನ್ನು ಕಂಡು ಗಾಬರಿಯಾಗಿ ಎದ್ದು ನಿಂತ. ಇವರು ಅವನನ್ನು ಕೂರಿಸಿ, ಪಕ್ಕದಲ್ಲಿ ತಾವೂ ಕೂತು, ಅವನ ಕೈಯನ್ನೇ ನೋಡುತ್ತಿದ್ದರು. ಕತ್ತಲಾಗುವುದರೊಳಗೆ ತಾಳಿ ಮುಗಿಯಿತು. "ಕೈ ಚೆಂದಾಗೈತೆ ಕಣಪ್ಪಾ, ಕೆಡಿಸ್ಕಬ್ಯಾಡ" ಎಂದರು. ಅದರಲ್ಲಿ ಕೊಂಕಿರಲಿಲ್ಲ. ನಾನು ಕೊಂಕು ಹುಡುಕಿ ಹುಡುಕಿ ಸೋತೆ.

ಹಿಂದಿರುಗುವಾಗ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ, ಕೂಗಾಡಿಬಿಟ್ಟೆ. ಕದ್ದು ಮಾಡಿದವನ ಕೈ ಉಳಿಯಿತು, ಒಪ್ಪಿ ಬಿಟ್ಟ ನಿಮ್ಮ ಕೈ ಹೋಯಿತು, ಇದು ಯಾವ ಸೀಮೆಯ ನ್ಯಾಯ ಆಚಾರ್ರೇ ಎಂದೆ.

"ಉಳೀಲಿ ಬುಡಿ ಮೇಷ್ಟ್ರೇ. ತಾಲ್ಲೂಕ್ಗೊಂದು ಕೈ ಬ್ಯಾಡ್ವಾ?" ಎಂದು ಮುಂದಕ್ಕೆ ನಡೆದರು. ಆಮೇಲೆ ನಿಂತು, ಮಗುವಿನಂಥ ಕುತೂಹಲದಿಂದ ಕೇಳಿದರು:

"ಆ ಕಾನೂನು ಮಾಡಿದ್ರಲ್ಲ, ಅವ್ರಿಗೆ, ನಾನು ಅದ್ನ ನಡಿಸ್ದೆ ಅಂತ ಗೊತ್ತಾಗಿದ್ದಾದಾ?"

ಮಾಯಣ್ಣಾಚಾರ್ರು ತೀರಿಕೊಂಡು ಈಗ ಐದು ವರ್ಷ. ಆ ಪ್ರಶ್ನೆಗೆ ನಾನು ಅಂದು ಉತ್ತರ ಕೊಡಲಿಲ್ಲ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದುದರಿಂದ. ಕಾನೂನು ಮುರಿದು ಸಿಕ್ಕಿಬಿದ್ದವನ ಹೆಸರು, ತಂದೆಯ ಹೆಸರು, ಊರು, ವಯಸ್ಸು ಸಮೇತ ಯಾವುದಾದರೊಂದು ಕೋರ್ಟಿನ ದಫ್ತರದಲ್ಲಿರುತ್ತದೆ. ಬೇಡವೆಂದವರು ಸಭೆಯಲ್ಲಿ ಕೂಗಿದ ಮಾತೂ ಅಚ್ಚಾಗಿ ಗ್ರಂಥಾಲಯ ಸೇರುತ್ತದೆ. ಕೇಂದ್ರವೂ ರಾಜ್ಯವೂ ಪಾಲು ಹಂಚಿಕೊಂಡು ಬರೆದದ್ದನ್ನೆಲ್ಲ ತನ್ನದೇ ಮಾತೆಂದು ನಂಬಿ, ಯಾರೂ ನೋಡದ ಕಡೆಯಲ್ಲಿ ನಡೆಸಿಕೊಂಡು ಹೋದವನ ಹೆಸರು ಬರೆದಿಡಲು ಮಾತ್ರ ಈ ದೇಶದ ಯಾವ ಕಚೇರಿಯಲ್ಲೂ ಒಂದು ಹಾಳೆಯಿಲ್ಲ. ಅಂಥವರು ಊರಿಗೊಬ್ಬರೋ ಇಬ್ಬರೋ ಇದ್ದಾರು. ಇಷ್ಟು ದೊಡ್ಡ ಗಣರಾಜ್ಯ ಅವರ ಹೆಗಲ ಮೇಲೆ ನಿಂತಿದೆಯೆಂದು ಪಾಠ ಹೇಳುವ ನಾವು, ಅವರಲ್ಲೊಬ್ಬ ನಿಜವಾಗಿ ಎದುರಿಗೆ ಬಂದು ಕೂತಾಗ, ಬಾಗಿಲು ಹಾಕಿಕೊಂಡು ಮಾಡಿಬಿಡಿ ಎಂದು ಬುದ್ಧಿ ಹೇಳುತ್ತೇವೆ.